ಮೂರೂವರೆಯ ಆರಾಧನೆ

ನಮ್ಮ ಕ್ರೈಸ್ತ ಸಭೆಯ ಮೊದಲ ದಾಖಲೆ ಒಂದು ನೂರು ಪುಟದ ನೋಟ್‌ಬುಕ್ಕು. ಅದರಲ್ಲಿ ಸತ್ಯವೇದದ ವಾಕ್ಯವಿಲ್ಲ, ಪ್ರಾರ್ಥನೆಯೂ ಇಲ್ಲ. ಎಡಗಡೆ ಕೆಲಸ, ಬಲಗಡೆ ಡ್ಯೂಟಿಯ ಹೊತ್ತು. ಸೆಕ್ಯುರಿಟಿ: ಬೆಳಿಗ್ಗೆ 8ರಿಂದ ರಾತ್ರಿ 8, ಇಲ್ಲವೇ ರಾತ್ರಿ 8ರಿಂದ ಬೆಳಿಗ್ಗೆ 8. ನರ್ಸು: 8ರಿಂದ 2, 2ರಿಂದ 8, ಆಮೇಲೆ ನೈಟ್. ಮಾರ್ಕೆಟ್ ಹಮಾಲಿ: ನಡುರಾತ್ರಿ 2ರಿಂದ ಬೆಳಿಗ್ಗೆ 11. ಹೋಟೆಲ್ ಸಪ್ಲೈಯರ್: ಬೆಳಿಗ್ಗೆ 6ರಿಂದ ರಾತ್ರಿ 10, ನಡುವೆ 3ರಿಂದ 5 ಬಿಡುವು. 2017ರ ಮಳೆಗಾಲದಲ್ಲಿ ಎರಡು ತಿಂಗಳು ನಾನೂ ನನ್ನ ಹೆಂಡತಿಯೂ ಕಾರ್ಪೊರೇಷನ್ ಸರ್ಕಲ್, ಶಾಂತಿನಗರ ಬಸ್ ನಿಲ್ದಾಣ, ಕೆ.ಆರ್. ಮಾರ್ಕೆಟ್, ಮೆಜೆಸ್ಟಿಕ್ ಸುತ್ತ ನಡೆದಾಡಿ, ಕಂಡವರನ್ನು ಮಾತಾಡಿಸಿ ಬರೆದುಕೊಂಡದ್ದು ಇದು. ಕೊನೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ನೋಡಿದೆವು. ರಾತ್ರಿ ಪಾಳಿಯವರು ಮಲಗಿ ಎದ್ದಿರುತ್ತಾರೆ, ಬೆಳಗಿನ ಪಾಳಿಯ ನರ್ಸು ಬಿಟ್ಟಿರುತ್ತಾಳೆ, ಹಮಾಲಿಗಳ ನಿದ್ದೆ ಮುಗಿದಿರುತ್ತದೆ, ಹೋಟೆಲಿನಲ್ಲಿ ಊಟದ ಗದ್ದಲ ಇಳಿದಿರುತ್ತದೆ. ಭಾನುವಾರ ಮಧ್ಯಾಹ್ನ ಮೂರರಿಂದ ಐದರ ನಡುವೆ. ಬೆಂಗಳೂರಿನ ನಡುಮಧ್ಯೆ ನಮ್ಮ ಕನ್ನಡ ಸಭೆ ಹುಟ್ಟಿದ್ದು ಆ ಎರಡು ಗಂಟೆಯೊಳಗೆ.

ಆ ನೋಟ್‌ಬುಕ್ಕು ಹಿಡಿಯುವ ಮುಂಚೆ ಎಂಟು ತಿಂಗಳು ನಾನು ದಾರಿ ತಪ್ಪಿದ್ದೆ. ಅದನ್ನೂ ಹೇಳಬೇಕು. ಹೊಸ ಸಭೆ ಕಟ್ಟಲು ಹೊರಟ ತಮ್ಮಂದಿರು ಇವತ್ತಿಗೂ ಅದೇ ದಾರಿ ಹಿಡಿಯುವುದನ್ನು ನೋಡುತ್ತಿದ್ದೇನೆ.

ನಾನು ಗುಬ್ಬಿಯ ಕಡೆಯವನು. ವೆಸ್ಲಿಯನ್ ಮಿಷನ್ನು ಹಳೆಯ ಕಾಲದಲ್ಲೇ ಬೇರು ಬಿಟ್ಟ ಊರು ಅದು. ಭಾನುವಾರ ಬೆಳಿಗ್ಗೆ ಗಂಟೆ ಹೊಡೆದರೆ ಮಡಿ ಬಟ್ಟೆ ಹಾಕಿಕೊಂಡು ದೇವಾಲಯಕ್ಕೆ ಹೋಗುವುದು ನಮ್ಮಜ್ಜನಿಂದ ನನ್ನವರೆಗೆ ಬಂದ ರೂಢಿ. ಆರಾಧನೆ ಎಂದರೆ ಬೆಳಗು ಎಂದೇ ತಲೆಯಲ್ಲಿ ಕೂತಿತ್ತು. ಬೆಂಗಳೂರಿಗೆ ಬಂದು ಲೆಕ್ಕಪತ್ರದ ಕೆಲಸ ಹಿಡಿದೆ, ಸಂಜೆ ತರಗತಿಗಳಲ್ಲಿ ದೈವಶಾಸ್ತ್ರ ಓದಿದೆ, ಊರಾಚೆಯ ಒಂದು ಸಭೆಯಲ್ಲಿ ಹಿರಿಯರ ಜೊತೆ ಸೇವೆ ಮಾಡಿದೆ. ನಗರದ ಹೊಟ್ಟೆಯೊಳಗೆ ಕನ್ನಡದ ಸಭೆ ಆಗಬೇಕು ಎಂಬ ಭಾರ ಮನಸ್ಸಿಗೆ ಬಿದ್ದದ್ದು 2016ರಲ್ಲಿ. ನಮ್ಮನ್ನು ಕಳುಹಿಸಿದ ಸಭೆಯವರು ಮೊಣಕಾಲೂರಿ ಪ್ರಾರ್ಥಿಸಿ, ಎರಡು ವರ್ಷ ಬಾಡಿಗೆಯ ಅರ್ಧ ಕೊಡುತ್ತೇವೆ ಎಂದರು.

ಸಂಪಂಗಿರಾಮನಗರದಲ್ಲಿ ಪರಿಚಯದವರ ಫ್ಲ್ಯಾಟಿನ ಹಾಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದೆ. ಬಂದವರು ಆರು ಜನ. ಆರೂ ಜನರಿಗೆ ಬೇರೆ ಸಭೆ ಇತ್ತು. ನನ್ನ ಮೇಲಿನ ಪ್ರೀತಿಯಿಂದ ಬರುತ್ತಿದ್ದರು ಅಷ್ಟೆ. ಎರಡನೇ ತಿಂಗಳಿಗೆ ನಾಲ್ಕಾದರು, ಬೇಸಿಗೆಗೆ ಮೂವರು. ನಾನು ಮಾತ್ರ ಗಿಟಾರ್ ಬಾರಿಸುವವರನ್ನು ಹುಡುಕುತ್ತಿದ್ದೆ, ಕರಪತ್ರ ಅಚ್ಚು ಹಾಕಿಸುತ್ತಿದ್ದೆ, ವಾಕ್ಯ, ಅಂದರೆ ಬೋಧನೆ, ಇನ್ನೂ ಚೆನ್ನಾಗಿ ಹೇಳಬೇಕು ಎಂದು ರಾತ್ರಿ ಎದ್ದು ಸಿದ್ಧಮಾಡುತ್ತಿದ್ದೆ.

ನನ್ನ ಹೆಂಡತಿ ಹುಮನಾಬಾದ್ ಕಡೆಯವಳು, ಮೆಥಡಿಸ್ಟ್ ಮನೆತನ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸು. ಒಂದು ಭಾನುವಾರ ಡ್ಯೂಟಿ ಮುಗಿಸಿ ಮೂರು ಗಂಟೆಗೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು: "ನಮ್ಮ ವಾರ್ಡಿನ ಆಯಾ ಯಾದಗಿರಿಯಾಕಿ ಅದಾಳ. ಮೂರು ವರ್ಷ ಆಯ್ತಂತ, ಒಂದು ಸಲಾನೂ ಕರ್ತನ ಭೋಜನ ತೊಗೊಂಡಿಲ್ಲಂತ. ನಿಮ್ಮ ಆರಾಧನಿ ಹತ್ತಕ್ಕ ಅದ. ಹತ್ತಕ್ಕ ನಮ್ಮ ಮಂದಿ ಎಲ್ಲಿರ್ತಾರ ಅಂತ ನೀವು ಯಾವತ್ತಾರ ನೋಡೀರೇನ್ರಿ?"

ನೋಡಿರಲಿಲ್ಲ. ಮರುದಿನವೇ ನೋಟ್‌ಬುಕ್ಕು ತಂದೆ.

ನಗರದ ನಡುಭಾಗದಲ್ಲಿ ಕನ್ನಡ ಸಭೆಗಳು ಇಲ್ಲವೆಂದಲ್ಲ. ಕಾರ್ಪೊರೇಷನ್ ಎದುರಿನ ಹಡ್ಸನ್ ಸ್ಮಾರಕ ದೇವಾಲಯ 1904ರದ್ದು; ಕನ್ನಡ ಶಾಲೆಗಳಿಗಾಗಿ ದುಡಿದ ಜೋಸಯ್ಯ ಹಡ್ಸನ್ ಅವರ ಹೆಸರಿನದು, ಆ ಸರ್ಕಲ್ಲಿಗೂ ಅವರದೇ ಹೆಸರು. ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಬೆಂಜಮಿನ್ ರೈಸ್ ಅವರ ನೆನಪಿನದು. ನಮ್ಮ ಶಾಸನಗಳನ್ನು ಸಂಗ್ರಹಿಸಿಕೊಟ್ಟ ಬಿ.ಎಲ್. ರೈಸ್ ಅವರ ತಂದೆ ಅವರು. ಪೇಟೆಯ ಕಡೆ ಕನ್ನಡ, ದಂಡಿನ (ಕಂಟೋನ್ಮೆಂಟ್) ಕಡೆ ಇಂಗ್ಲಿಷ್ ಮತ್ತು ತಮಿಳು. 1949ರಲ್ಲಿ ಎರಡೂ ಒಂದೇ ನಗರಪಾಲಿಕೆಯಾದ ಮೇಲೂ ಆರಾಧನೆಯ ಭಾಷೆಯಲ್ಲಿ ಆ ಹಳೆಯ ಗೆರೆ ಸುಮಾರಾಗಿ ಉಳಿದಿದೆ. ಈ ದೇವಾಲಯಗಳಲ್ಲಿ ಕೂತು ಹಾಡಿದವನು ನಾನು. ಅಲ್ಲಿಯ ಬೆಂಚುಗಳ ಮೇಲೆ ನನಗೆ ಬಹಳ ಗೌರವವಿದೆ. ಆದ್ದರಿಂದಲೇ ಹೊಸದೊಂದು ಶುರುಮಾಡುವ ಮುಂಚೆ ಸುತ್ತಲಿನ ಸಭಾಪಾಲಕರನ್ನು, ಹಿರಿಯ ಅಯ್ಯನವರುಗಳನ್ನು, ಒಬ್ಬೊಬ್ಬರನ್ನಾಗಿ ಕಂಡು ಬಂದೆ. ಇದು ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು.

ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಇನ್ನೊಬ್ಬರು, ನಿವೃತ್ತಿಯ ಅಂಚಿನಲ್ಲಿದ್ದವರು, ಒಳಗೆ ಕರೆದು ಕೂರಿಸಿ ನೇರವಾಗಿ ಕೇಳಿದರು: "ಕುರಿ ಕದಿಯೋಕೆ ಬಂದಿದೀಯೋ, ಕಳೆದುಹೋದ ಕುರಿ ಹುಡುಕೋಕೆ ಬಂದಿದೀಯೋ?" ನೋಟ್‌ಬುಕ್ಕು ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. "ಇವರಲ್ಲಿ ಯಾರೂ ನಮ್ಮ ರಿಜಿಸ್ಟರಿನಲ್ಲಿ ಇಲ್ಲಪ್ಪ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮವರು ಯಾರಾದರೂ ನಿನ್ನಲ್ಲಿಗೆ ಬಂದರೆ ಚಹಾ ಕೊಡು, ಸದಸ್ಯತ್ವ ಕೊಡಬೇಡ" ಎಂದರು. ಅಂದಿನಿಂದ ಅದು ನಮ್ಮ ನಿಯಮ. ನಗರದಲ್ಲಿ ಬೇರೆ ಸಭೆ ಇರುವವರು ಅಲ್ಲಿಯ ಅಯ್ಯನವರ ಪತ್ರ ತರದೆ ನಮ್ಮಲ್ಲಿ ಸದಸ್ಯರಾಗುವ ಹಾಗಿಲ್ಲ. ಇದರಿಂದ ಲೆಕ್ಕದಲ್ಲಿ ನಾವು ಚಿಕ್ಕವರಾಗಿಯೇ ಉಳಿದೆವು. ಅದರ ಬೆಲೆ ಎಷ್ಟೆಂದು ಐದು ವರ್ಷದ ಮೇಲೆ ಒಂದು ಸಾವಿನ ದಿನ ತಿಳಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಜಾಗ ಹುಡುಕಿದ ಕಥೆ ದೊಡ್ಡದು. ಫ್ಲ್ಯಾಟಿನಲ್ಲಿ ಮುಂದುವರಿಯಲು ಆಗಲಿಲ್ಲ. ಹಾಡಿನ ಸದ್ದಿಗೆ ಮೇಲಿನ ಮನೆಯವರಿಗೆ ತೊಂದರೆಯಾಗುತ್ತಿತ್ತು, ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮನೆ ಎಂದರೆ ಮನೆ, ಅಲ್ಲಿ ವಾರವಾರ ಜನ ಸೇರಿ ಹಾಡುವುದು ನ್ಯಾಯವಲ್ಲ. ಮದುವೆ ಛತ್ರಗಳು ಮುಹೂರ್ತದ ತಿಂಗಳುಗಳಲ್ಲಿ ಸಿಗುವುದಿಲ್ಲ. ಹೋಟೆಲಿನ ಸಭಾಂಗಣಕ್ಕೆ ಒಂದು ಮಧ್ಯಾಹ್ನಕ್ಕೆ ಕೇಳಿದ ಹಣದಲ್ಲಿ ನಮ್ಮ ತಿಂಗಳು ಕಳೆಯುತ್ತಿತ್ತು. ಒಂದು ಖಾಸಗಿ ಶಾಲೆಯವರು ಮಾತು ಕೊಟ್ಟು, ಬೋರ್ಡ್ ಬರೆಸಿದ ಮೇಲೆ ಹಿಂದೆ ಸರಿದರು. ಕೊನೆಗೆ ಎಸ್.ಪಿ. ರೋಡಿನ ಹಿಂಬದಿಯಲ್ಲಿ, ಎಲೆಕ್ಟ್ರಿಕಲ್ ಸಾಮಾನಿನ ವ್ಯಾಪಾರಿಯೊಬ್ಬರ ಕಟ್ಟಡದ ಎರಡನೇ ಮಹಡಿ ಸಿಕ್ಕಿತು. ವಾರವಿಡೀ ಅಲ್ಲಿ ಮಾಲಿನ ಪೆಟ್ಟಿಗೆ, ಭಾನುವಾರ ಆ ಬೀದಿಯ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ಸೇಠ್ ಅವರ ಷರತ್ತು ಮೂರು: ಮೈಕ್ ಹಾಕಬಾರದು, ಪೆಟ್ಟಿಗೆ ಮುಟ್ಟಬಾರದು, ಒಳಗೆ ಮಾಂಸದಡುಗೆ ತರಬಾರದು. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್. ಆ ದುಡ್ಡಿಗೆ ನನ್ನ ಹೆಂಡತಿ ತನ್ನ ಎರಡು ಬಳೆ ಅಡವಿಟ್ಟಳು. ನಮ್ಮ ಕ್ರಿಸ್ಮಸ್ ಪ್ರೀತಿ ಭೋಜನ ಇವತ್ತಿಗೂ ತರಕಾರಿ ಪಲಾವ್, ಮೊಸರುಬಜ್ಜಿ, ಶಾವಿಗೆ ಪಾಯಸ. ಮೊದಲ ವರ್ಷ ಮುಖ ಸಣ್ಣ ಮಾಡಿದವರೂ ಈಗ ಆ ಪಲಾವಿಗೇ ಕಾಯುತ್ತಾರೆ.

ಒಂದು ತಪ್ಪು ಮಾಡಿದೆ. ಲಿಫ್ಟ್ ಇಲ್ಲದ ಎರಡನೇ ಮಹಡಿ. ಮಂಡಿನೋವಿನ ಅಜ್ಜಿಯೊಬ್ಬರು ಮೂರು ವಾರ ಬಂದು, ನಾಲ್ಕನೇ ವಾರ ಮೆಟ್ಟಿಲ ಕೆಳಗೇ ಕೂತು ಹಾಡು ಕೇಳಿಸಿಕೊಂಡು ಹೋದರು ಎಂದು ನನಗೆ ತಿಳಿದದ್ದು ತಿಂಗಳ ಮೇಲೆ. ಆಮೇಲೆ ಇಬ್ಬರು ಹುಡುಗರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಲು ಶುರುಮಾಡಿದರು. ಜಾಗ ನೋಡಲು ಹೋಗುವವರು ಬಾಡಿಗೆ ಕೇಳುವ ಮೊದಲು ಮೆಟ್ಟಿಲು ಎಣಿಸಬೇಕು.

2017ರ ನವೆಂಬರಿನ ಮೊದಲ ಮೂರೂವರೆಯ ಆರಾಧನೆಗೆ ಹತ್ತೊಂಬತ್ತು ಜನ ಬಂದರು. ಸಮವಸ್ತ್ರದಲ್ಲೇ ಬಂದ ಸೆಕ್ಯುರಿಟಿಯವರು, ಏಪ್ರನ್ ಮಡಚಿ ಜೇಬಿಗಿಟ್ಟುಕೊಂಡ ಸಪ್ಲೈಯರ್ ಹುಡುಗ. ಅವರಲ್ಲೊಬ್ಬ ಹೇಳಿದ: "ಅಯ್ನೋರೇ, ದೊಡ್ಡ ಚರ್ಚಿಗೆ ಹೋಗೋಕೆ ಬಟ್ಟೆ ಇಲ್ಲ ಅಂತ ನಾಲ್ಕು ವರ್ಷದಿಂದ ಹೋಗಿರ್ಲಿಲ್ಲ." ಯಾರೂ ಅವನನ್ನು ತಡೆದಿರಲಿಲ್ಲ, ತಾನೇ ತಡೆದುಕೊಂಡಿದ್ದ. ಅಂದು ಮತ್ತಾಯನ ಸುವಾರ್ತೆಯ ಇಪ್ಪತ್ತನೇ ಅಧ್ಯಾಯ ಓದಿದೆ. ದ್ರಾಕ್ಷೇತೋಟದ ಯಜಮಾನ ಬೆಳಿಗ್ಗೆ ಬಂದ ಆಳಿಗೂ, ಹೊತ್ತು ಮುಳುಗುವಾಗ ಬಂದ ಆಳಿಗೂ ಒಂದೇ ಕೂಲಿ ಕೊಟ್ಟ ಸಾಮ್ಯದ ಕಥೆ. ನಾನು ಕೃಪೆಯ ಬಗ್ಗೆ ಇಪ್ಪತ್ತೈದು ನಿಮಿಷ ಮಾತಾಡಿದೆ. ಆರಾಧನೆ ಮುಗಿದ ಮೇಲೆ, ಚಹಾ ಕುಡಿಯುತ್ತ, ಕೂಲಿ ಅಡ್ಡೆಯಲ್ಲಿ ವರ್ಷಗಟ್ಟಲೆ ನಿಂತ ರಾಯಚೂರಿನ ಹಮಾಲಿಯೊಬ್ಬರು ಹೇಳಿದ ಒಂದು ಮಾತು ನನ್ನ ವಾಕ್ಯಕ್ಕಿಂತ ಆಳಕ್ಕೆ ಹೋಯಿತು: "ಪೂರಾ ಕೂಲಿ ಬಂದ್ರ ಅವತ್ತು ಮನ್ಯಾಗ ಒಲಿ ಉರೀತದ್ರಿ. ಅರ್ಧ ಕೂಲಿಗೆ ಒಲಿ ಅರ್ಧ ಉರಿಯಂಗಿಲ್ಲ. ಆ ಮಾಲಕಗ ಅದು ಗೊತ್ತಿತ್ತು." ಅಂದಿನಿಂದ ವಾಕ್ಯದ ಕೊನೆಗೆ ಹತ್ತು ನಿಮಿಷ ಕೇಳುವವರ ಮಾತಿಗೆ ಬಿಟ್ಟಿದ್ದೇನೆ.

ಹಾಡಿನ ವಿಷಯಕ್ಕೆ ಬರಬೇಕು. ಸಭೆ ಒಂದಾದದ್ದೂ ಒಡೆಯುವ ಹಂತಕ್ಕೆ ಹೋದದ್ದೂ ಅಲ್ಲಿ. ಕರ್ನಾಟಕದ ಪ್ರಾಟೆಸ್ಟೆಂಟ್ ಕ್ರೈಸ್ತರು ಒಂದೇ ಬಗೆಯವರು ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಹಾಲ್‌ನಲ್ಲಿ ಕೂತವರನ್ನೇ ನೋಡಿ. ಗದಗ-ಬೆಟಗೇರಿಯ ಅಕ್ಕ ಬಾಸೆಲ್ ಮಿಷನ್ನಿನ ಮನೆತನ. 1834ರಿಂದ ಮಂಗಳೂರಿಗೆ ಬಂದಿಳಿದ ಜರ್ಮನ್ ಮತ್ತು ಸ್ವಿಸ್ ಮಿಷನರಿಗಳ ರಾಗಗಳು ಅವರ ಬಾಯಲ್ಲಿವೆ. ಬೀದರ್, ಯಾದಗಿರಿ, ರಾಯಚೂರಿನವರು ಮೆಥಡಿಸ್ಟರು. ಭಜನೆಯ ಧಾಟಿಯಲ್ಲಿ, ಚಪ್ಪಾಳೆ ತಟ್ಟಿ, ದಮ್ಮಡಿ ಬಾರಿಸಿ ಹಾಡುತ್ತಾರೆ. ತುಮಕೂರು, ಮೈಸೂರಿನ ನಾವು ವೆಸ್ಲಿಯನ್ ಕಡೆಯಿಂದ ದಕ್ಷಿಣ ಭಾರತ ಸಭೆಗೆ (ಸಿ.ಎಸ್.ಐ.) ಬಂದವರು. 1947ರ ಸೆಪ್ಟೆಂಬರಿನಲ್ಲಿ ಬೇರೆ ಬೇರೆ ಮಿಷನ್ನಿನ ಸಭೆಗಳು ಅದರಲ್ಲಿ ಕೂಡಿದರೂ ಊರೂರಿನ ಹಾಡು ಊರಿನದೇ ಆಗಿ ಉಳಿಯಿತು. ಪೆಂಟೆಕೊಸ್ತ್ ಹುಡುಗರಿಗೆ ಹಾಡು ಎಂದರೆ ಹದಿನೈದು ನಿಮಿಷ, ಕಣ್ಣು ಮುಚ್ಚಿ. ಹಾಸನದ ಕಡೆಯ ಕಥೋಲಿಕ ಹುಡುಗಿಯೊಬ್ಬಳು ಸ್ನೇಹಿತೆಯ ಜೊತೆ ಬರುತ್ತಿದ್ದಳು. ಕರ್ತನ ಪ್ರಾರ್ಥನೆಯಲ್ಲಿ ನಾವೆಲ್ಲ "ಪರಲೋಕದಲ್ಲಿರುವ" ಎಂದರೆ ಅವಳೊಬ್ಬಳು "ಸ್ವರ್ಗದಲ್ಲಿರುವ" ಎಂದು ಮೆಲ್ಲಗೆ ಹೇಳುತ್ತಿದ್ದಳು.

ಒಂದು ದಿನ ಹಳೆಯ ಕೀರ್ತನೆಯೊಂದನ್ನು ಎತ್ತಿಕೊಂಡೆ. ರಾಗ ಎಲ್ಲರಿಗೂ ಗೊತ್ತಿತ್ತು. ಎರಡನೇ ಸಾಲಿಗೆ ಹಾಡು ಕಲಸಿಹೋಯಿತು. ಬೆಟಗೇರಿಯ ಅಕ್ಕನ ಬಾಯಲ್ಲಿ ಒಂದು ಸಾಹಿತ್ಯ, ನನ್ನ ಬಾಯಲ್ಲಿ ಇನ್ನೊಂದು. ಇಬ್ಬರ ಕೈಯಲ್ಲೂ ಬೇರೆ ಬೇರೆ ಕೀರ್ತನೆ ಪುಸ್ತಕ, ಎರಡೂ ಅಜ್ಜ ಅಜ್ಜಿಯಿಂದ ಬಂದದ್ದು. ನಿಲ್ಲಿಸಿದೆವು. ಅವರು "ನೀವ ಹಾಡ್ರಿ, ನಾ ಸುಮ್ನಿರ್ತೀನಿ" ಎಂದರು. ಆ ಮಾತಿನಲ್ಲಿ ನೋವಿತ್ತು. ಊರು ಬಿಟ್ಟು ಬಂದವರಿಗೆ ಊರಿನಿಂದ ಉಳಿಯುವುದು ಹಾಡು ಮತ್ತು ಅಡುಗೆ. ಅಡುಗೆಯನ್ನು ಷರತ್ತಿಗಾಗಿ ಬಿಟ್ಟಿದ್ದರು, ಹಾಡನ್ನೂ ಬಿಡು ಎಂದರೆ ಏನು ಉಳಿಯಿತು? ಮುಂದಿನ ವಾರದಿಂದ ತಿಂಗಳಿಗೊಂದು ಭಾನುವಾರ ಒಂದೊಂದು ಕಡೆಯವರಿಗೆ ಎಂದು ಮಾಡಿದೆವು. ಬೆಟಗೇರಿಯ ಭಾನುವಾರ, ಬೀದರಿನ ಭಾನುವಾರ, ಗುಬ್ಬಿಯ ಭಾನುವಾರ, ಹುಡುಗರ ಭಾನುವಾರ. ಐದನೆಯದು ಬಂದರೆ ಎಲ್ಲರದೂ. ಕೈಬರಹದಲ್ಲಿ ಹಾಡು ಬರೆದು ಜೆರಾಕ್ಸ್ ಮಾಡಿಸಿ ಹೊಲಿದ ಪುಸ್ತಕ ಈಗ ನೂರ ನಲವತ್ತು ಹಾಡಿನದಾಗಿದೆ. ಮೈಕ್ ಇಲ್ಲದ್ದರಿಂದ ಹಾರ್ಮೋನಿಯಂ, ದಮ್ಮಡಿ ಮತ್ತು ಗಂಟಲು. ಸೇಠ್ ಅವರ ಆ ಷರತ್ತು ನಮಗೆ ವರವಾಯಿತು ಎಂದೇ ನಂಬಿದ್ದೇನೆ. ಮೈಕ್ ಇದ್ದಿದ್ದರೆ ಒಬ್ಬರು ಹಾಡುತ್ತಿದ್ದರು, ಉಳಿದವರು ಕೇಳುತ್ತಿದ್ದರು.

ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ವಿಷಯ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಬೀದರಿನ ದಂಪತಿ ಮೂರು ತಿಂಗಳ ಮಗುವಿಗೆ ದೀಕ್ಷಾಸ್ನಾನ ಕೇಳಿದರು. ಪೆಂಟೆಕೊಸ್ತ್ ಹಿನ್ನೆಲೆಯವರು, ನಂಬಿಕೆಯನ್ನು ಬಾಯಿಂದ ಅರಿಕೆ ಮಾಡಿದವರಿಗೆ ಮಾತ್ರ, ಅದೂ ಮುಳುಗಿಸಿ, ಎಂದರು. ನಾಲ್ಕು ತಿಂಗಳು ಬುಧವಾರದ ಕೂಟದಲ್ಲಿ ಕೂತು ವಾಕ್ಯ ಓದಿದೆವು. ತೀರ್ಮಾನ: ಎರಡಕ್ಕೂ ಅವಕಾಶ, ಆಯ್ಕೆ ತಂದೆತಾಯಿಯದು, ಯಾರೂ ಇನ್ನೊಬ್ಬರ ದೀಕ್ಷಾಸ್ನಾನವನ್ನು ಅಲ್ಲಗಳೆಯಬಾರದು. ಒಂದು ಒಳ್ಳೆಯ ಕುಟುಂಬ ಬಿಟ್ಟುಹೋಯಿತು. ನಾನು ಅವರ ಮನೆಗೆ ಈಗಲೂ ಹೋಗುತ್ತೇನೆ. ಆ ಕುರ್ಚಿಗಳು ಖಾಲಿಯಾದ ಭಾನುವಾರದ ಭಾರ ಇನ್ನೂ ಇಳಿದಿಲ್ಲ.

ಕಾಗದಪತ್ರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಲೆಕ್ಕದವನಾದ್ದರಿಂದ ಇದರಲ್ಲಿ ನನಗೆ ಹಟವಿತ್ತು: ಸಭೆಯ ದುಡ್ಡು ಒಂದು ದಿನವೂ ನನ್ನ ಖಾತೆಯಲ್ಲಿ ಇರಬಾರದು. ಟ್ರಸ್ಟ್ ಡೀಡ್ ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದೆವು. ಅದರಲ್ಲಿ ಎರಡು ಸಾಲು ಹಟಮಾಡಿ ಸೇರಿಸಿದೆ. ಒಂದೇ ಮನೆಯ ಇಬ್ಬರು ಟ್ರಸ್ಟಿಗಳಾಗಬಾರದು. ಸಭಾಪಾಲಕ ಚೆಕ್ಕಿಗೆ ಸಹಿ ಹಾಕಬಾರದು. ಅಪ್ಪನಿಂದ ಮಗನಿಗೆ ಆಸ್ತಿಯಂತೆ ದಾಟಿದ ಸಭೆಗಳನ್ನು ಕಂಡು ನೊಂದವನು ನಾನು. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಸಿಗಲು 12ಎ ನೋಂದಣಿ. ಕಾಣಿಕೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ನಮಗೆ ಸಲ್ಲುವುದಿಲ್ಲ; ಒಂದು ಧರ್ಮದವರಿಗಾಗಿಯೇ ಇರುವ ಸಂಸ್ಥೆಗೆ ಕೊಟ್ಟ ಕಾಣಿಕೆಗೆ ಆ ವಿನಾಯಿತಿ ಇಲ್ಲ. ಕೊಡುವವರಿಗೆ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಸದಸ್ಯರೊಬ್ಬರ ಭಾವ, ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರರಾದ ಕನ್ನಡಿಗರು, ಕುರ್ಚಿಗೆಂದು ಎರಡು ಲಕ್ಷ ಕಳುಹಿಸುತ್ತೇನೆ ಎಂದರು. ಭಾರತದ ಪಾಸ್‌ಪೋರ್ಟ್ ಇರುವವರು ದುಬೈಯಿಂದ ತಮ್ಮ ಉಳಿತಾಯದ ಹಣ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ, ವಿದೇಶಿ ಪೌರರು ಕೊಟ್ಟರೆ ಆಗುತ್ತದೆ. ಅದಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ, ಅನುಮತಿ ಬೇಕು. ನಮ್ಮಲ್ಲಿ ಅದಿಲ್ಲ. ಕೈಮುಗಿದು ಬೇಡವೆಂದೆವು. ಕುರ್ಚಿಗಳನ್ನು ಹತ್ತು ಹತ್ತಾಗಿ ನಾವೇ ಕೊಂಡೆವು.

ಮದುವೆಯ ವಿಷಯದಲ್ಲೂ ಹೊಸ ಸಭೆಗಳು ಎಡವುತ್ತವೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆ ನಡೆಸಲು ಪಾಸ್ಟರ್ ಎಂಬ ಹೆಸರಷ್ಟೇ ಸಾಲದು; ಎಪಿಸ್ಕೊಪಲ್ ದೀಕ್ಷೆ, ಅಂದರೆ ಬಿಷಪ್ಪರ ಕೈಯಿಂದ ಪಾದ್ರಿ ದೀಕ್ಷೆ, ಪಡೆದಿರಬೇಕು, ಇಲ್ಲವೇ ಆ ಕಾಯ್ದೆಯ ಕೆಳಗೆ ಲೈಸೆನ್ಸ್ ಇರಬೇಕು. ನನ್ನಲ್ಲಿ ಇರಲಿಲ್ಲ. ನಮ್ಮ ಮೊದಲ ಎರಡು ಮದುವೆಗಳನ್ನು ಆ ಹಿರಿಯ ಅಯ್ಯನವರೇ ನಡೆಸಿಕೊಟ್ಟು ರಿಜಿಸ್ಟರಿಗೆ ಸಹಿ ಹಾಕಿದರು. ನಾನು ಪಕ್ಕದಲ್ಲಿ ನಿಂತು ಪ್ರಾರ್ಥಿಸಿದೆ.

2020ರ ಮಾರ್ಚ್ ಎಲ್ಲವನ್ನೂ ಅಲುಗಿಸಿತು. ಹೋಟೆಲುಗಳು ಮುಚ್ಚಿ, ಸಪ್ಲೈಯರ್ ಹುಡುಗರು ಊರಿಗೆ ಹೋದರು. ಬಹಳ ಜನರ ಕೈಯಲ್ಲಿ ಇದ್ದದ್ದು ಬಟನ್ ಫೋನು. ವಿಡಿಯೊ ಆರಾಧನೆಯ ಮಾತೇ ಇಲ್ಲ. ಐದೈದು ಜನರನ್ನು ಕಾನ್ಫರೆನ್ಸ್ ಕರೆಯಲ್ಲಿ ಸೇರಿಸಿ, ದಿನಕ್ಕೆ ಮೂರು ಗುಂಪಿನಂತೆ ಒಂದು ಕೀರ್ತನೆ ಓದಿ ಪ್ರಾರ್ಥಿಸುತ್ತಿದ್ದೆವು. ನನ್ನ ಹೆಂಡತಿ ಕೋವಿಡ್ ವಾರ್ಡಿನಲ್ಲಿದ್ದಳು. ಸೇಠ್ ಅವರು ಆರು ತಿಂಗಳ ಬಾಡಿಗೆ ಕೇಳಲಿಲ್ಲ, ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲೂ ಇಲ್ಲ. ಏಕೆಂದು ಕೇಳಿದ್ದಕ್ಕೆ, "ನೀವು ಹೋಗುವಾಗ ನೆಲ ಒರೆಸಿ ಹೋಗ್ತೀರಿ" ಎಂದರು. ಮತ್ತೆ ಬಾಗಿಲು ತೆರೆದಾಗ ಅರವತ್ತರಲ್ಲಿ ಇಪ್ಪತ್ತೆರಡು ಜನ ಉಳಿದಿದ್ದರು.

2022ರಲ್ಲಿ ಇನ್ನೊಂದು ಬಗೆಯ ಅಂಜಿಕೆ. ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ, ಸೆಪ್ಟೆಂಬರಿನಲ್ಲಿ ಕಾಯ್ದೆಯಾಗಿ ಮತಾಂತರದ ಕಾನೂನು ಬಂತು. ಅದೇ ಮೇ ತಿಂಗಳಲ್ಲಿ ಧ್ವನಿವರ್ಧಕಗಳಿಗೆ ಅನುಮತಿ ಪಡೆಯಬೇಕೆಂಬ ಆದೇಶವೂ ಬಂತು. ನಮ್ಮಲ್ಲಿ ಮೈಕೇ ಇರಲಿಲ್ಲ. ಒಂದು ಭಾನುವಾರ ಯಾರದೋ ದೂರಿನ ಮೇಲೆ ಇಬ್ಬರು ಪೊಲೀಸರು ಮೆಟ್ಟಿಲು ಹತ್ತಿ ಬಂದರು. ಹಾಡು ನಿಂತಿತು. ಬಾಡಿಗೆ ಕರಾರು, ಟ್ರಸ್ಟ್ ಡೀಡ್, ಸದಸ್ಯರ ಪಟ್ಟಿ ಒಂದೇ ಫೈಲಿನಲ್ಲಿ ಇದ್ದವು, ತೋರಿಸಿದೆ. ಅವರು ಸೌಜನ್ಯದಿಂದಲೇ ನೋಡಿ ಹೋದರು. ಆದರೆ ಮುಂದಿನ ವಾರ ಒಂಬತ್ತು ಜನ ಬರಲಿಲ್ಲ. ಕೂಲಿಯವರಿಗೆ ಪೊಲೀಸ್ ಎಂದರೆ ಒಂದು ದಿನದ ಕೂಲಿ ಹೋಗುವ ಮಾತು. ಆ ಒಂಬತ್ತು ಜನರ ಕೋಣೆಗಳಿಗೆ ಹೋಗಿ ಕೂತು ಮಾತಾಡಿ ಬರಲು ನನಗೆ ಎರಡು ತಿಂಗಳು ಹಿಡಿಯಿತು.

ಆ ದಿನಗಳಲ್ಲೇ ಹೋಟೆಲಿನ ಹುಡುಗನೊಬ್ಬ ದೀಕ್ಷಾಸ್ನಾನ ಕೇಳಿದ. ಅವನು ಕ್ರೈಸ್ತ ಮನೆಯವನಲ್ಲ. ಎರಡು ವರ್ಷದಿಂದ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ. ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು, ಹೆಸರು ಹೊರಗೆ ಬರುತ್ತದೆ, ಎಂದು ಕಾಯ್ದೆಯ ಪ್ರತಿ ಇಟ್ಟು ಸಾಲು ಸಾಲಾಗಿ ಓದಿ ಹೇಳಿದೆ. "ಮೊದಲು ನಿಮ್ಮಮ್ಮನಿಗೆ ಹೇಳಪ್ಪ" ಎಂದೆ. ಊರಿಗೆ ಹೋಗಿ ಹೇಳಿ ಬಂದ. ಅಮ್ಮ ಅತ್ತಳಂತೆ, "ನನ್ನ ಸಾವಿಗೆ ಬರ್ತೀಯಾ?" ಎಂದು ಕೇಳಿದಳಂತೆ. "ನೀನು ಹೋಗದೆ ಹೇಗಪ್ಪ ಇರ್ತೀಯ" ಎಂದು ನಾನೂ ಅತ್ತೆ. ಆ ಕಾಯ್ದೆಯನ್ನು ಹಿಂಪಡೆಯಲು 2023ರ ಜೂನಿನಲ್ಲಿ ಮಂತ್ರಿಮಂಡಲ ತೀರ್ಮಾನಿಸಿತು. ಹುಡುಗ ಈಗಲೂ ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಅವಸರವಿಲ್ಲ ಎಂದು ಅವನೇ ಹೇಳಿದ್ದಾನೆ. ದೇವರ ಕೆಲಸದಲ್ಲಿ ಒತ್ತಾಯಕ್ಕೆ ಜಾಗವಿಲ್ಲ ಎಂದು ನಾನು ನಂಬುವವನು. ಕಾನೂನು ಇರಲಿ ಬಿಡಲಿ, ಒಂದು ಪ್ಯಾಕೆಟ್ ಅಕ್ಕಿಯ ಆಸೆಗೆ ಬಂದ ನಂಬಿಕೆ ನಂಬಿಕೆಯಲ್ಲ.

ಅದೇ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಎರಡೇ ತಿಂಗಳಲ್ಲಿ ನಮ್ಮ ಎಡಗಡೆಯ ಸಾಲು ತುಂಬಿತು. ಅತ್ತಿಬೆಲೆ, ಪೀಣ್ಯ, ಕೆಂಗೇರಿಯಿಂದ ಮನೆಕೆಲಸದ, ಗಾರ್ಮೆಂಟ್ಸ್‌ನ ಅಕ್ಕಂದಿರು ಮೆಜೆಸ್ಟಿಕ್‌ಗೋ ಮಾರ್ಕೆಟ್ಟಿಗೋ ಬಂದಿಳಿದು ನಡೆದು ಬರುತ್ತಾರೆ. ನಡುಪೇಟೆಯ ಬಾಡಿಗೆ ಏಕೆ ಕೊಡುತ್ತೀರಿ, ಹೊರವಲಯದಲ್ಲಿ ಅರ್ಧ ಬೆಲೆಗೆ ದೊಡ್ಡ ಜಾಗ ಸಿಗುತ್ತದೆ ಎನ್ನುವವರಿಗೆ ನಾನು ತೋರಿಸುವುದು ಬಸ್ಸಿನ ದಾರಿಯನ್ನು. ಇಲ್ಲಿ ಮನೆ ಮಾಡಿಕೊಂಡಿರುವವರು ಕಡಿಮೆ, ಇಲ್ಲಿ ಬಂದಿಳಿಯುವವರು ಸಾವಿರಾರು.

ಇನ್ನು ಆ ಸಾವು. 2022ರ ಕೊನೆಯಲ್ಲಿ, ಮೊದಲ ದಿನ ಸಮವಸ್ತ್ರದಲ್ಲೇ ಬಂದಿದ್ದ ಯಾದಗಿರಿಯ ಸೆಕ್ಯುರಿಟಿ ಅಣ್ಣ ರಾತ್ರಿ ಪಾಳಿಯಲ್ಲಿ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಊರು ಸುಮಾರು 500 ಕಿಲೋಮೀಟರ್ ದೂರ. ಹೆಂಡತಿ ಇಲ್ಲೇ ಇದ್ದರು, ಮಗಳು ಇಲ್ಲೇ ಓದುತ್ತಿದ್ದಳು. ಇಲ್ಲೇ ಮಣ್ಣು ಮಾಡಿ ಎಂದರು. ನಗರದ ಕ್ರೈಸ್ತ ಸ್ಮಶಾನಗಳಲ್ಲಿ ಜಾಗದ ಬಡತನ ಎಲ್ಲರಿಗೂ ಗೊತ್ತು. ಹಳೆಯ ಸಮಾಧಿಯನ್ನೇ ತೆರೆದು ಅದೇ ಮನೆಯವರನ್ನು ಇಡುವುದು ಸಾಮಾನ್ಯ. ನಮ್ಮ ಅಣ್ಣನಿಗೆ ಇಲ್ಲಿ ಯಾವ ಹಳೆಯ ಸಮಾಧಿ? ಸ್ಮಶಾನದ ಕಚೇರಿಯಲ್ಲಿ ಯಾವ ಸಭೆಯ ಪತ್ರ ಎಂದು ಕೇಳಿದರು. ನಮ್ಮ ಟ್ರಸ್ಟಿನ ಹೆಸರು ಅವರ ಪಟ್ಟಿಯಲ್ಲಿ ಇರಲಿಲ್ಲ. ಐದು ವರ್ಷದಲ್ಲಿ ಬಾಡಿಗೆ, ಬ್ಯಾಂಕು, ತೆರಿಗೆ ಎಲ್ಲ ನೋಡಿದ್ದ ನಾನು ಆರಡಿ ಮಣ್ಣಿನ ಬಗ್ಗೆ ಯೋಚಿಸಿರಲಿಲ್ಲ. ಹೊಸ ಸಭೆ ಹುಟ್ಟಿನ, ಹಾಡಿನ, ಬೆಳವಣಿಗೆಯ ಮಾತನ್ನೇ ಆಡುತ್ತದೆ. ತನ್ನವರನ್ನು ಎಲ್ಲಿ ಮಲಗಿಸುವುದು ಎಂದು ಮೊದಲ ವರ್ಷವೇ ಕೇಳಿಕೊಳ್ಳಬೇಕಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಆ ಹಿರಿಯ ಅಯ್ಯನವರ ಮನೆಗೆ ಓಡಿದೆ. ನಿವೃತ್ತರಾಗಿ ಎರಡು ವರ್ಷವಾಗಿತ್ತು. ಅವರು ಒಂದು ಮಾತೂ ಕೇಳದೆ ಶರಟು ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು. ಈಗಿನ ಅಯ್ಯನವರನ್ನು ಕಂಡು, "ಈ ಹುಡುಗ ನಮ್ಮ ಒಂದು ಕುರೀನೂ ಮುಟ್ಟಿಲ್ಲ" ಎಂದು ಹೇಳಿ ಪತ್ರ ಬರೆಸಿಕೊಟ್ಟರು. ನಾಲ್ಕೂವರೆಗೆ ಜಾಗ ಸಿಕ್ಕಿತು. ಡ್ಯೂಟಿ ಬಿಟ್ಟು ಬರಲಾಗದವರೂ ಬಂದರು. ಬೀದರಿನವರ ಹಾಡು, ಬೆಟಗೇರಿಯ ಅಕ್ಕನ ಹಾಡು, ಒಂದಾದ ಮೇಲೊಂದು. ಅಣ್ಣನ ಜೊತೆ ಕಾವಲಿದ್ದ, ನಮ್ಮ ಧರ್ಮದವರಲ್ಲದ ಇಬ್ಬರು ಸಮವಸ್ತ್ರದಲ್ಲೇ ಬಂದು ಮಣ್ಣು ಹಾಕಿ, ಸೆಲ್ಯೂಟ್ ಹೊಡೆದು, ಎಂಟರ ಪಾಳಿಗೆ ಹೋದರು.

ಸೆಕ್ಯುರಿಟಿ ಕೆಲಸದವರಿಗಾಗಿ ಗುರುವಾರ ರಾತ್ರಿ ಒಂಬತ್ತಕ್ಕೆ ಇನ್ನೊಂದು ಕೂಟ ಶುರುವಾಗಿದೆ. ಹಗಲು ಪಾಳಿಯವರು ಎಂಟಕ್ಕೆ ಬಿಡುತ್ತಾರೆ, ಭಾನುವಾರವೂ ಅವರಿಗೆ ಬಿಡುವಿಲ್ಲ. ಅಪಾರ್ಟ್‌ಮೆಂಟಿನ ಹಿಂದಿನ ಅವರ ಕೋಣೆಯಲ್ಲಿ ಎಂಟು ಹತ್ತು ಜನ, ನೆಲದ ಮೇಲೆ. ಅನ್ನ ಕುದಿಯುವಷ್ಟು ಹೊತ್ತು ವಾಕ್ಯ, ಆಮೇಲೆ ಊಟ. ಕಳೆದ ವಾರ ಅಲ್ಲಿಗೆ ಬಂದ ಒಬ್ಬ ಹೊಸ ಹುಡುಗ, ಸಿಂಧನೂರಿನವನು, ಮನೆಮನೆಗೆ ಊಟ ತಲುಪಿಸುವ ಕೆಲಸದವನು. ನೋಟ್‌ಬುಕ್ಕು ತೆಗೆದು, "ನಿನಗೆ ಯಾವ ಹೊತ್ತು ಬಿಡುವು?" ಎಂದು ಕೇಳಿದೆ. ಪ್ರಾರ್ಥನೆಯ ನಡುವೆಯೇ ಅವನ ಫೋನು ಎರಡು ಸಲ ಸದ್ದು ಮಾಡಿತ್ತು. "ಮಳಿ ಬಂದಾಗ ಎಲ್ಲಾರೂ ಮನ್ಯಾಗಿರ್ತಾರ, ಆಗ ನಮಗ ಭಾಳ ಕೆಲ್ಸ. ಹಬ್ಬದಾಗೂ ಕೆಲ್ಸ. ಹೊತ್ತು ಅಂತ ಇಲ್ರಿ ಅಯ್ನೋರ" ಎಂದ. ಬಲಗಡೆಯ ಸಾಲಿನಲ್ಲಿ ಏನೂ ಬರೆಯಲಿಲ್ಲ. ಅವನ ಫೋನ್ ನಂಬರನ್ನು ಬರೆದುಕೊಂಡೆ.